ಕಡಲ ನಡುವೆ ನಿಂತ ಶಾಸನ



ಈ ಸಲದ ರಜೆಯಲ್ಲಿ ಮನೆಮಂದಿಯೆಲ್ಲ ಸೇರಿ ಒಂದು ದಿನ ಮಲ್ಪೆಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ ನೋಡಿಕೊಂಡು ಬರಬೇಕೆಂದು ಮಾತಾಡಿಕೊಂಡಿದ್ದೀರಿ. ಖಂಡಿತ ಹೋಗಿ. ಶಿಕಾರಿಪುರ, ಸೊರಬದ ಕಡೆಯವರು ಒಮ್ಮೆಯಾದರೂ ನೋಡಬೇಕಾದ ಜಾಗ ಅದು. ಹೊರಡುವ ಮೊದಲು ಮಾತ್ರ ಹಿರಿಯರ ನಾಲ್ಕು ಮಾತು ಕಿವಿಗೆ ಹಾಕಿಕೊಳ್ಳಿ.

ನಾವು ಶಾಸನಗಳ ಸೀಮೆಯವರು. ಬಿ.ಎಲ್. ರೈಸ್ ಅವರು ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳಿವೆ, 8ನೆಯದರಲ್ಲಿ ಸೊರಬದವು. 1902 ಮತ್ತು 1904ರಲ್ಲಿ ಬಂದ ಆ ಸಂಪುಟಗಳನ್ನು ತೆರೆದರೆ ನಿಮ್ಮ ಅಕ್ಕಪಕ್ಕದ ಹಳ್ಳಿಗಳ ಹೆಸರೇ ಸಾಲುಸಾಲಾಗಿ ಸಿಗುತ್ತವೆ. ಕಲ್ಲಿನಲ್ಲಿ ಬರೆದದ್ದನ್ನು ಓದಿ ಹಿಂದಿನ ಕಾಲವನ್ನು ತಿಳಿಯುವುದು ನಮ್ಮ ಮಣ್ಣಿಗೆ ಹೊಸದಲ್ಲ. ಮಲ್ಪೆಯ ಆಚೆಗಿರುವ ಆ ದ್ವೀಪವೂ ಒಂದು ಶಾಸನ. ಬರೆದದ್ದು ಬೆಂಕಿ, ಅಷ್ಟೇ ವ್ಯತ್ಯಾಸ. ಶಾಸನದ ಮುಂದೆ ಹೇಗೆ ನಿಲ್ಲಬೇಕೋ ಹಾಗೆ ಅದರ ಮುಂದೆಯೂ ನಿಲ್ಲಿ. ತಿಳಿದುಕೊಂಡು ಹೋಗಿ, ನಿಧಾನವಾಗಿ ಓದಿ, ಇದ್ದದ್ದನ್ನು ಇದ್ದಂತೆಯೇ ಬಿಟ್ಟು ಬನ್ನಿ. ನಾನು ಹೇಳಬೇಕಾದದ್ದೆಲ್ಲ ಇಷ್ಟರಲ್ಲೇ ಅಡಗಿದೆ.

ಮಲ್ಪೆಗೆ ಹೋಗುವ ಹಿಂದಿನ ಭಾನುವಾರ ಶಿರಾಳಕೊಪ್ಪದ ಹತ್ತಿರದ ತಾಳಗುಂದಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಂಬ ನಿಂತಿದೆ. ಕದಂಬರ ಶಾಂತಿವರ್ಮನ ಕಾಲದ್ದು, 5ನೇ ಶತಮಾನದ್ದು. ಕುಬ್ಜನೆಂಬ ಕವಿ ಸಂಸ್ಕೃತ ಪದ್ಯಗಳನ್ನು ಕಟ್ಟಿ ತಾನೇ ಕಲ್ಲಿನ ಮೇಲೆ ಕೆತ್ತಿದ್ದಾನೆ. ಮಯೂರಶರ್ಮ ಓದಲೆಂದು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾದದ್ದು, ಸಿಟ್ಟಿಗೆದ್ದು ಕತ್ತಿ ಹಿಡಿದು ರಾಜ್ಯ ಕಟ್ಟಿದ್ದು, ಎಲ್ಲ ಅದರಲ್ಲಿದೆ. ಕದಂಬರ ಅರಸ ಕಾಕುಸ್ಥವರ್ಮ ದೇವಾಲಯದ ಬಳಿ ಕೆರೆ ತೋಡಿಸಿದ ಸಂಗತಿಯೂ ಇದೆ. ಆ ಕೆರೆಯ ನೆನಪಿಗೇ ಕಂಬ ನೆಟ್ಟದ್ದು.

ಆ ಕಂಬವನ್ನು ಊರಿನವರು ನೂರಾರು ವರ್ಷ ದಿನವೂ ನೋಡುತ್ತಿದ್ದರು. ಆದರೂ ಅದರಲ್ಲಿರುವ ಚರಿತ್ರೆ ಹೊರಬಂದದ್ದು 1894ರಲ್ಲಿ ರೈಸ್ ಅವರ ಕಣ್ಣಿಗೆ ಬಿದ್ದು, ಲಿಪಿ ಬಲ್ಲವರು ಕೂತು ಓದಿದ ಮೇಲೆ. ಅಕ್ಷರ ಬಲ್ಲವರ ಮುಂದೆ ಮಾತ್ರ ಕಲ್ಲು ಬಾಯಿಬಿಡುತ್ತದೆ. ಇದು ಮೊದಲನೆಯ ಪಾಠ. ಎರಡನೆಯದೂ ಅಷ್ಟೇ ದೊಡ್ಡದು. ಓದಲು ಬಾರದ ಆ ತಲೆಮಾರುಗಳೆಲ್ಲ ಕಂಬವನ್ನು ಒಡೆಯಲಿಲ್ಲ, ಕಿತ್ತು ಹೊಸ್ತಿಲಿಗೆ ಹಾಕಿಕೊಳ್ಳಲಿಲ್ಲ. ಅವರು ಇದ್ದಂತೆಯೇ ಬಿಟ್ಟದ್ದರಿಂದ ಅದು ನಮಗೆ ಉಳಿಯಿತು. ಇವೆರಡನ್ನೂ ಮಕ್ಕಳಿಗೆ ಕಂಬದ ಎದುರಿಗೇ ನಿಲ್ಲಿಸಿ ಹೇಳಿ. ಆಮೇಲೆ ದ್ವೀಪದಲ್ಲಿ ಹೆಚ್ಚು ಹೇಳುವ ಕೆಲಸ ಇರುವುದಿಲ್ಲ.

ಇನ್ನು ದ್ವೀಪದ ಲಿಪಿ ಕಲಿಯೋಣ. ಜ್ವಾಲಾಮುಖಿಯ ದ್ವೀಪ ಎಂದ ಕೂಡಲೇ ಮಕ್ಕಳು ಹೊಗೆಯಾಡುವ ಬೆಟ್ಟವನ್ನು, ಅದರ ನೆತ್ತಿಯ ಕುಳಿಯನ್ನು ಕಲ್ಪಿಸಿಕೊಳ್ಳುತ್ತಾರೆ. ಅಂಥದ್ದು ನಮ್ಮ ದೇಶದಲ್ಲಿ ಅಂಡಮಾನ್ ಸಮುದ್ರದಲ್ಲಿದೆ. ಅಲ್ಲಿನ ಬ್ಯಾರನ್ ದ್ವೀಪ ದೀರ್ಘಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಬೆಂಕಿ ಉಗುಳಿತು. ಮಲ್ಪೆಯ ಎದುರಿನ ದ್ವೀಪದಲ್ಲಿ ಕುಳಿಯೂ ಇಲ್ಲ, ಹೊಗೆಯೂ ಇಲ್ಲ. ಹಿಂದೆಂದೋ ನೆಲದೊಳಗಿಂದ ಉಕ್ಕಿ ಹರಿದ ಲಾವಾ ಆರಿ ಕಲ್ಲಾಗಿ, ಅದರ ಉಳಿಕೆಯಷ್ಟೇ ಕಡಲಿನ ಮೇಲೆ ತಲೆ ಎತ್ತಿ ನಿಂತಿದೆ. ಇದನ್ನು ಮಕ್ಕಳಿಗೆ ಮೊದಲೇ ತಿಳಿಸಿ. ಇಲ್ಲದಿದ್ದರೆ ಜ್ವಾಲಾಮುಖಿ ಎಲ್ಲಿ ಎಂದು ಹುಡುಕುತ್ತ, ಕಾಲಡಿಯಲ್ಲೇ ಇರುವುದನ್ನು ನೋಡದೆ ಬಂದಾರು.

ಆ ಲಾವಾ ಹರಿದದ್ದು ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ. ಆಗ ಭೂಮಿಯ ಮೇಲೆ ಡೈನೋಸಾರ್‌ಗಳಿದ್ದವು. ಹಿಮಾಲಯ ಇನ್ನೂ ಹುಟ್ಟಿರಲಿಲ್ಲ. ಬೆಳಗಾವಿ, ವಿಜಯಪುರದ ಕಡೆ ಎರೆಭೂಮಿಗೆ ತಾಯಿಯಾದ ದಖ್ಖನ್ನಿನ ಕರಿಕಲ್ಲಿನ ಹಾಸು ಬಂದದ್ದೂ ಇದಾದ ಮೇಲೆ, ಈಗ್ಗೆ ಸುಮಾರು 6.6 ಕೋಟಿ ವರ್ಷದ ಹಿಂದೆ. ನಮ್ಮ ಪಡುವಣ ಕರಾವಳಿಗೆ ಅಂಟಿಕೊಂಡು ಆಗ ಮಡಗಾಸ್ಕರ್ ಇತ್ತು. ನೆಲದಾಳದಿಂದ ಕಾವು ಮೇಲೆದ್ದು ಭೂಮಿಯ ತೊಗಟೆ ಸೀಳಿತು, ಸೀಳಿನಲ್ಲಿ ಲಾವಾ ಉಕ್ಕಿತು, ಎರಡು ನೆಲಗಳ ನಡುವೆ ಕಡಲು ನುಗ್ಗಿತು. ಇವತ್ತು ಮಡಗಾಸ್ಕರ್ 3,000 ಕಿಲೋಮೀಟರಿಗೂ ಆಚೆ, ಆಫ್ರಿಕದ ಮಗ್ಗುಲಲ್ಲಿದೆ. ಅದೇ ಕಾಲದ ಜ್ವಾಲಾಮುಖಿ ಶಿಲೆ ಅಲ್ಲಿಯೂ ಸಿಗುತ್ತದೆ. ಒಟ್ಟಿಗಿದ್ದ ಎರಡು ನೆಲಗಳು ಪಾಲಾದದ್ದಕ್ಕೆ ಈ ದ್ವೀಪದ ಕಲ್ಲೇ ದಾಖಲೆ. ಮಕ್ಕಳ ಕೈಗೆ ಒಂದು ಭೂಪಟ ಕೊಟ್ಟು ಮಡಗಾಸ್ಕರಿನ ಮೂಡಣ ಅಂಚನ್ನೂ ನಮ್ಮ ಕರಾವಳಿಯನ್ನೂ ಪಕ್ಕಪಕ್ಕ ಇಟ್ಟು ನೋಡಲು ಹೇಳಿ.

ದ್ವೀಪದಲ್ಲಿ ನಿಮ್ಮ ಕಣ್ಣು ಸೆಳೆಯುವುದು ಕಲ್ಲಿನ ಕಂಬಗಳು. ಶಿಲ್ಪಿ ಉಳಿ ಹಿಡಿದು ಮಟ್ಟ ಮಾಡಿದನೋ ಎಂಬಂತೆ ಐದು, ಆರು, ಏಳು ಮೂಲೆಯ ಕಂಬಗಳು ಒತ್ತೊತ್ತಾಗಿ ನಿಂತಿವೆ. ಬೇಸಿಗೆಯಲ್ಲಿ ನಮ್ಮೂರ ಕೆರೆ ಬತ್ತಿದಾಗ ಅಂಗಳದ ಕೆಸರು ಒಣಗಿ ಬಿರುಕು ಬಿಟ್ಟು ಹೆಂಚಿನಂಥ ಬಿಲ್ಲೆಗಳಾಗುವುದನ್ನು ನೀವು ಕಂಡಿದ್ದೀರಲ್ಲ, ಇಲ್ಲಿ ಆದದ್ದೂ ಆ ಬಗೆಯದೇ. ಕೆಸರು ನೀರು ಕಳೆದುಕೊಂಡು ಕುಗ್ಗುತ್ತದೆ, ಲಾವಾ ಕಾವು ಕಳೆದುಕೊಂಡು ಕುಗ್ಗುತ್ತದೆ. ಕುಗ್ಗುವಾಗ ಮೇಲ್ಮೈ ಬಿರುಕು ಬಿಡುತ್ತದೆ. ಒಳಗಿನದು ಆರುತ್ತ ಹೋದಂತೆ ಆ ಬಿರುಕೂ ಒಳಗಿಳಿಯುತ್ತದೆ. ಮೂರು ಬಿರುಕುಗಳು ಒಂದೆಡೆ ಸಮನಾಗಿ ಕೂಡಿದರೆ ಆರು ಮೂಲೆ ಬರುತ್ತದೆ. ಎಲ್ಲ ಕಡೆಯೂ ಒಂದೇ ಹದದಲ್ಲಿ ಆರುವುದಿಲ್ಲವಾದ್ದರಿಂದ ಐದು, ಏಳೂ ಸಿಗುತ್ತವೆ. ನಿಧಾನವಾಗಿ ಆರಿದಲ್ಲಿ ಕಂಬ ದಪ್ಪ, ಬೇಗ ಆರಿದಲ್ಲಿ ಸಣ್ಣದು. ಇಷ್ಟು ಗೊತ್ತಿದ್ದರೆ ಯಾವ ಕಂಬದ ಮುಂದೆ ನಿಂತರೂ ಅದು ಆರಿದ ಬಗೆಯನ್ನು ನೀವೇ ಊಹಿಸಬಹುದು.

ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಎಂಬಲ್ಲಿ ಇಂಥ ಸುಮಾರು 40,000 ಕಂಬಗಳಿವೆ. 1986ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಯದು ಬಸಾಲ್ಟ್. ನಮ್ಮದು ಸಿಲಿಕಾ ಹೆಚ್ಚಿರುವ ಮಂದ ಲಾವಾ ಆರಿ ಆದ ಕಲ್ಲು, ಅದರಲ್ಲಿ ಕಂಬಗಳು ಇಷ್ಟು ಅಚ್ಚುಕಟ್ಟಾಗಿ ಬರುವುದು ಅಪರೂಪ. ಆದ್ದರಿಂದಲೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕರ್ನಾಟಕದಲ್ಲಿ ಇಂಥವು ನಾಲ್ಕೇ. ಇದರ ಜೊತೆಗೆ ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯ ದಿಂಬುಲಾವಾ, ಕೋಲಾರ ಚಿನ್ನದ ಗಣಿಯ ಕಡೆಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆ. ಬಳ್ಳಿಗಾವಿಯ ದೇವಸ್ಥಾನಕ್ಕೆ ಇರುವ ಮರ್ಯಾದೆಯೇ ಇವುಗಳಿಗೂ ಸಲ್ಲಬೇಕು.

ಮನುಷ್ಯರ ಚರಿತ್ರೆಯೂ ಅಲ್ಲಿ ಸ್ವಲ್ಪ ಉಂಟು. 1498ರಲ್ಲಿ ವಾಸ್ಕೋ ಡ ಗಾಮ ಈ ದ್ವೀಪಗಳಲ್ಲಿ ಇಳಿದು ಶಿಲುಬೆಯ ಕಂಬ ನೆಟ್ಟು ಸಂತ ಮೇರಿಯ ಹೆಸರಿಟ್ಟನೆಂದು ಹೇಳುತ್ತಾರೆ. ಊರಿನವರು ತೋನ್ಸೆಪಾರ್ ಎನ್ನುತ್ತಾರೆ, ಆ ಹೆಸರನ್ನೂ ಮಕ್ಕಳಿಗೆ ಕಲಿಸಿ. ಕರಾವಳಿಗೆ ಸಮನಾಗಿ ತೆಂಕು ಬಡಗಾಗಿ ಸಾಲುಗೂಡಿದ ದ್ವೀಪಗಳಲ್ಲಿ ದರಿಯಾ ಬಹದ್ದೂರ್‌ಗಡ ಎಂಬುದೂ ಒಂದು. ಅಲ್ಲಿನ ಹಾಳುಕೋಟೆ ಬಿದನೂರಿನ ಬಸಪ್ಪ ನಾಯಕ ಕಟ್ಟಿಸಿದ್ದೆಂಬ ಮಾತಿದೆ. ಬಿದನೂರಿನ ಆ ಅರಸುಮನೆತನದ ಬೇರು ಇರುವುದು ಸೊರಬದಿಂದ ಅಷ್ಟೇನೂ ದೂರವಲ್ಲದ ಕೆಳದಿಯಲ್ಲಿ. ಘಟ್ಟದ ಮೇಲಿನವರಿಗೂ ಕಡಲಿಗೂ ಹಳೆಯ ನಂಟು.

ಹೋಗುವ ದಾರಿಯೂ ಒಂದು ಪಾಠವೇ, ಕಾರಿನಲ್ಲಿ ಮಕ್ಕಳು ಮೊಬೈಲಿನಲ್ಲಿ ಮುಳುಗಿ ಅದನ್ನು ಕಳೆದುಕೊಳ್ಳದಿರಲಿ. ಸಾಗರ ದಾಟಿ ಸಿಗಂದೂರಿನ ಮೇಲೆ ಕೊಲ್ಲೂರಿಗೆ ಇಳಿದು ಕುಂದಾಪುರಕ್ಕೆ ಹೋಗಿ. ಆ ದಾರಿಯಲ್ಲಿ ಅಂಬಾರಗೋಡ್ಲು, ಕಳಸವಳ್ಳಿಯ ನಡುವಿನ ಸೇತುವೆ 2025ರ ಜುಲೈನಲ್ಲಿ ತೆರೆಯಿತು. ಸೇತುವೆಯ ಮೇಲೆ ನಿಂತು ಫೋಟೋ ತೆಗೆಯುವ ಮೊದಲು ಅದರ ಕೆಳಗಿನ ನೀರಿನ ಕಥೆಯನ್ನು ಮಕ್ಕಳಿಗೆ ಹೇಳಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ತುಂಬಿತು. ಹಳ್ಳಿಗಳು, ತೋಟ ಗದ್ದೆಗಳು ಮುಳುಗಿದವು. ನಾಡಿಗೆ ಬೆಳಕು ಬಂತು. ನೀರಿನಾಚೆ ಉಳಿದ ತುಮರಿಯ ಕಡೆಯವರು ಮಾತ್ರ ಸಂತೆಗೂ ಆಸ್ಪತ್ರೆಗೂ ಲಾಂಚಿಗೆ ಕಾಯುತ್ತ 60 ವರ್ಷ ಕಳೆದರು. ಕಾಯಿಲೆಯವರನ್ನು ಸಾಗಿಸುವ ಹೊತ್ತಿನಲ್ಲಿ ಆ ಕಾಯುವಿಕೆ ಎಷ್ಟು ಉದ್ದವಾಗುತ್ತದೆಂದು ಯೋಚಿಸಿ. ಸಾಗರದ ನಾ. ಡಿಸೋಜ ಅವರು ಮುಳುಗಡೆಯವರ ಈ ಪಾಡನ್ನು ‘ದ್ವೀಪ’ ಎಂಬ ಕಾದಂಬರಿಯಲ್ಲಿ ಬರೆದರು, ಗಿರೀಶ್ ಕಾಸರವಳ್ಳಿಯವರು ಅದನ್ನು ಸಿನಿಮಾ ಮಾಡಿದರು. ನೀವು ಹೋಗುತ್ತಿರುವ ದ್ವೀಪವನ್ನು ಬೆಂಕಿ ಮತ್ತು ಕಡಲು ಮಾಡಿದವು, ತುಮರಿಯ ಕಡೆಯ ಈ ದ್ವೀಪವನ್ನು ಮನುಷ್ಯರು ಮಾಡಿದರು. ಎರಡನ್ನೂ ಒಂದೇ ದಿನ ಕಾಣುವ ಅವಕಾಶ ನಮ್ಮ ಸೀಮೆಯವರಿಗಿದೆ, ಬಿಡಬೇಡಿ.

ಅಲ್ಲಿಂದ ಮುಂದೆ ಕೊಡಚಾದ್ರಿಯ ಮಗ್ಗುಲಿನ ಕಾಡು. 1,343 ಮೀಟರ್ ಎತ್ತರದ ಆ ಬೆಟ್ಟದ ಕಲ್ಲಿನಲ್ಲಿ ಕಬ್ಬಿಣದ ಅಂಶವಿದೆ. ಘಟ್ಟ ಇಳಿಯುವಾಗ ಗಾಳಿ ಬದಲಾಗುವುದು, ಮಣ್ಣು ಕೆಂಪೇರುವುದು, ಅಡಿಕೆ ಹಿಂದೆ ಸರಿದು ತೆಂಗು ಹೆಚ್ಚುವುದು, ಇವನ್ನೆಲ್ಲ ಮಕ್ಕಳೇ ಗುರುತಿಸಿ ಹೇಳಲಿ.

ಹೊರಡುವ ಹೊತ್ತಿನ ಲೆಕ್ಕ ಸರಿಯಿರಲಿ. ಒಂದೇ ದಿನದಲ್ಲಿ ಹೋಗಿ ಬರುವುದಾದರೆ ಬೆಳಗಿನ ಜಾವ ನಾಲ್ಕಕ್ಕೆ ಮನೆ ಬಿಡಬೇಕು, ಹಾದಿ ಹೆಚ್ಚುಕಡಿಮೆ ಐದು ತಾಸಿನದು. ಮಧ್ಯಾಹ್ನ ಮೂರರೊಳಗೆ ಮಲ್ಪೆ ಬಿಟ್ಟರೆ ಬೆಳಕಿರುವಾಗಲೇ ಘಟ್ಟ ಹತ್ತಬಹುದು. ಕತ್ತಲಲ್ಲಿ, ನಿದ್ದೆಗಣ್ಣಿನಲ್ಲಿ ಘಟ್ಟದ ತಿರುವು ಹತ್ತುವ ಸಾಹಸ ಬೇಡ. ಕಾರು ಓಡಿಸುವವನು ಹಿಂದಿನ ರಾತ್ರಿ ಬೇಗ ಮಲಗಲಿ. ಆಗದು ಅನ್ನಿಸಿದರೆ ಉಡುಪಿಯಲ್ಲಿ ಒಂದು ರಾತ್ರಿ ಉಳಿಯಿರಿ, ಅದರಲ್ಲಿ ಸೋಲೇನೂ ಇಲ್ಲ. ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿಯವರೆಗಿನ ದಿನಗಳು ಒಳ್ಳೆಯವು. ಬೇಸಿಗೆಯ ನಡುಹಗಲಲ್ಲಿ ಆ ಬಂಡೆಗಳ ಮೇಲೆ ಕಾಲಿಡಲಾಗದು.

ಅಜ್ಜ ಅಜ್ಜಿಯನ್ನು ಮನೆ ಕಾಯಲು ಬಿಟ್ಟು ಹೋಗಬೇಡಿ. ಕೆರೆ, ಕಾನು, ಮಳೆ, ಮಣ್ಣನ್ನು ನೋಡಿ ನೋಡಿ ಅವರ ಕಣ್ಣು ಪಳಗಿದೆ. ಮಕ್ಕಳಿಗೆ ಕಾಣದ್ದು ಅವರಿಗೆ ಕಾಣುತ್ತದೆ. ಕಾಲುನೋವಿನವರಿದ್ದರೆ ದೋಣಿ ಹತ್ತಿ ಇಳಿಯುವ ಕಷ್ಟವನ್ನು ಮೊದಲೇ ವಿಚಾರಿಸಿ. ದೊಡ್ಡ ದೋಣಿ ದಡದವರೆಗೆ ಹೋಗಲಾಗದೆ ನಡುವೆ ಸಣ್ಣ ದೋಣಿಗೆ ಇಳಿಯಬೇಕಾಗಿ ಬರಬಹುದು. ಅವರಿಗೆ ಆಗದಿದ್ದರೆ ಒಬ್ಬರು ಜೊತೆಗಿದ್ದು ಮಲ್ಪೆಯ ದಡದಲ್ಲೇ ಕೂತು ಕಡಲು ನೋಡಲಿ, ಬಂದರಿನ ಮೀನುದೋಣಿ ನೋಡಲಿ. ಬುತ್ತಿ ಕಟ್ಟಿಕೊಳ್ಳಿ. ಅಕ್ಕಿರೊಟ್ಟಿ, ಚಟ್ನಿಪುಡಿ, ಮೊಸರನ್ನ ಸ್ಟೀಲಿನ ಡಬ್ಬಿಯಲ್ಲಿರಲಿ. ಕುಡಿಯುವ ನೀರು ಹೆಚ್ಚಾಗಿಯೇ ಒಯ್ಯಿರಿ, ದ್ವೀಪದಲ್ಲಿ ಜನವಸತಿ ಇಲ್ಲ. ಉಂಡು ಮುಗಿಸಿದ್ದರ ಒಂದು ಚೂರೂ ಅಲ್ಲಿ ಬೀಳಬಾರದು, ಎಲ್ಲ ಚೀಲದಲ್ಲಿ ವಾಪಸು ಬರಬೇಕು.

ಈಗ ಹೇಳುವುದನ್ನು ಮನಸ್ಸಿಟ್ಟು ಕೇಳಿ. ನಾವು ಕೆರೆಯಲ್ಲಿ, ಹೊಳೆಯಲ್ಲಿ ಈಜು ಕಲಿತವರು. ವರದೆ, ಕುಮುದ್ವತಿಯಲ್ಲಿ ಈಜಿದ್ದೇನೆಂಬ ಧೈರ್ಯ ಕಡಲಿನಲ್ಲಿ ಕೆಲಸಕ್ಕೆ ಬಾರದು. ಆ ಬಂಡೆಗಳ ಸಂದಿಯಲ್ಲಿ ಅಲೆ ಮುಂದೆ ಬಂದು ಹಿಂದೆ ಸರಿಯುವಾಗಿನ ಸೆಳೆತ ಆಳುದ್ದದ ಗಂಡಸನ್ನೂ ಕೆಡವುತ್ತದೆ. ಒದ್ದೆಬಂಡೆಯ ಮೇಲೆ ಪಾಚಿ ಇರುತ್ತದೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದ ಮೂವರು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾದರು. ಅವರೂ ಯಾರದೋ ಮನೆಯ ಮಕ್ಕಳು, ನಿಮ್ಮ ಹಾಗೆಯೇ ನಗುತ್ತ ಹೊರಟವರು. ಹಾಗಾಗಿ ದೋಣಿಯಲ್ಲಿ ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿಕೊಳ್ಳಿ. ಕಾವಲುಗಾರರು ಹೋಗಬೇಡಿ ಎಂದ ಕಡೆ ಹೋಗಬೇಡಿ. ಕಡಲಿಗೆ ಬೆನ್ನು ಕೊಟ್ಟು ಬಂಡೆಯ ಅಂಚಿನಲ್ಲಿ ನಿಂತು ಸೆಲ್ಫಿ ತೆಗೆಯಬೇಡಿ. ಮಕ್ಕಳು ದೊಡ್ಡವರೊಬ್ಬರ ಕೈಯಳತೆಯಲ್ಲೇ ಇರಲಿ. ದೋಣಿ ನಡೆಸುವವರು ಕಡಲಿನಲ್ಲೇ ಬದುಕುವ ಜನ, ಅವರು ಇವತ್ತು ಗಾಳಿ ಸರಿಯಿಲ್ಲ ಎಂದರೆ ವಾದ ಮಾಡದೆ ಹಿಂದಿರುಗಿ. ಅಣ್ಣಾ, ಅಕ್ಕಾ ಎಂದು ಮಾತಾಡಿಸಿದರೆ ಅವರಿಂದ ಕಲಿಯುವುದೂ ಬಹಳವಿದೆ. ಈ ದ್ವೀಪಗಳ ಸಾಲು ಅಲೆಯ ಹೊಡೆತ ತಡೆದು ಮಲ್ಪೆಯ ಬಂದರಿಗೆ ಹೇಗೆ ಆಸರೆಯಾಗಿದೆ ಎಂದು ಅವರನ್ನೇ ಕೇಳಿ.

ಜನ ಇಳಿಯುವ ದ್ವೀಪ ಸುಮಾರು ಅರ್ಧ ಕಿಲೋಮೀಟರ್ ಉದ್ದ, ನೂರು ಮೀಟರಿನಷ್ಟು ಅಗಲ. ಅವಸರ ಬೇಡ, ಅದನ್ನು ಓದಲು ಸಮಯ ಸಾಕಾಗುತ್ತದೆ. ಇಳಿದ ಕೂಡಲೇ ಮೊಬೈಲು ಹೊರತೆಗೆಯದೆ ಮೊದಲು ಒಂದು ಸುತ್ತು ನಡೆಯಿರಿ. ಆಮೇಲೆ ಒಂದು ಕಡೆ ಕೂತು, ಒಬ್ಬೊಬ್ಬ ಮಗುವೂ ಒಂದೊಂದು ಕಂಬ ಆರಿಸಿಕೊಳ್ಳಲಿ. ಅದರ ಮೂಲೆಗಳನ್ನು ಎಣಿಸಲಿ, ಅಗಲವನ್ನು ಗೇಣಿನಿಂದ ಅಳೆಯಲಿ, ನೆಟ್ಟಗಿದೆಯೋ ವಾಲಿದೆಯೋ ನೋಡಲಿ, ಪಕ್ಕದ ಕಂಬಕ್ಕೆ ಎಲ್ಲಿ ತಾಗಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಕೈಯಿಂದ ಬಿಡಿಸಿದ ಚಿತ್ರ ಓರೆಕೋರೆಯಾದರೂ ಇರಲಿ. ಚಿತ್ರ ಬಿಡಿಸುವಾಗ ಕಣ್ಣು ನೋಡಲೇಬೇಕಾಗುತ್ತದೆ. ಮಗು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ, ಮನೆಗೆ ಹೋಗಿ ಇಬ್ಬರೂ ಹುಡುಕೋಣ ಎಂದು ಹೇಳಿ. ಹಾಗೆ ಹೇಳುವ ಅಪ್ಪ ಅಮ್ಮನನ್ನು ಮಕ್ಕಳು ಹೆಚ್ಚು ನಂಬುತ್ತಾರೆ.

ಅಲ್ಲಿಂದ ಏನನ್ನೂ ತರಬೇಡಿ. ಕಲ್ಲಿನ ಚೂರು ಬೇಡ, ಚಿಪ್ಪುಗಳ ರಾಶಿ ಕಂಡರೂ ಜೇಬು ತುಂಬಿಸಿಕೊಳ್ಳುವುದು ಬೇಡ. ಬಂದವರೆಲ್ಲ ಒಂದೊಂದು ಚೂರು ಒಯ್ದರೆ ಆ ಅಂಗೈಯಗಲದ ದ್ವೀಪದಲ್ಲಿ ಉಳಿಯುವುದೇನು? ಕಂಬದ ಮೇಲೆ ಹೆಸರು ಗೀಚಬೇಡಿ. ಕುಬ್ಜ ಕವಿ ಕಲ್ಲಿನ ಮೇಲೆ ಬರೆದದ್ದು ಊರಿಗೆ ನೀರು ಕೊಟ್ಟ ಕೆರೆಯ ಮಾತು. ಅಂಥದ್ದೇನನ್ನೂ ಮಾಡದ ನಾವು ಒಂಬತ್ತು ಕೋಟಿ ವರ್ಷದ ಶಾಸನದ ಮೇಲೆ ನಮ್ಮ ಹೆಸರು ಕೊರೆಯುವುದು ಅದಕ್ಕೂ ಅವಮಾನ, ನಮಗೂ ಅವಮಾನ.

ಮನೆಗೆ ಬಂದ ಮೇಲೆ ಈ ಪ್ರವಾಸದ ನಿಜವಾದ ಕೆಲಸ ಶುರುವಾಗುತ್ತದೆ. ದ್ವೀಪದಲ್ಲಿ ಪಳಗಿದ ಕಣ್ಣಿನಿಂದ ನಮ್ಮ ಊರನ್ನು ನೋಡಿ. ನಮ್ಮ ಕಾಲಡಿಯ ಧಾರವಾಡ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು, ಅವುಗಳಲ್ಲಿಯೂ ಹಳೆಯ ಲಾವಾ ಇದೆ. ಮಲ್ಪೆಯ ಕಂಬಗಳು ಅವುಗಳ ಮುಂದೆ ಕೂಸುಗಳು. ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನದ ಬಳಪದ ಕಲ್ಲು ಮ್ಯಾಗ್ನೀಸಿಯಂ ತುಂಬಿದ ಶಿಲೆ ನೆಲದೊಳಗಿನ ಬಿಸಿನೀರಿನಿಂದ ಮಾರ್ಪಟ್ಟು ಆದದ್ದು. ಮೆತ್ತಗಿರುವುದರಿಂದಲೇ ಶಿಲ್ಪಿಯ ಉಳಿಗೆ ಅಷ್ಟು ನವಿರಾಗಿ ಒಲಿಯಿತು. ಅಲ್ಲಮನ ಊರಾದ ಬಳ್ಳಿಗಾವಿಯ ಶಿಲ್ಪವೂ ಭೂಮಿಯ ಒಳಗಿನ ಕಾವಿಗೆ ಋಣಿ.

ಹಾಗೆ ನೋಡುತ್ತ ಹೋದರೆ ನಿಮ್ಮ ಹೊಲದ ಬದುವಿನಲ್ಲೇ ಒಂದು ವೀರಗಲ್ಲು ಕವಿಚಿ ಬಿದ್ದಿರುವುದು ಕಾಣಬಹುದು. ಕೆರೆಯ ಏರಿಯಲ್ಲಿ ಮಾಸ್ತಿಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿರಬಹುದು. ನಿಧಿಯ ಆಸೆಗೆ ಯಾರೋ ಹಾಳುಗುಡಿಯ ಪೀಠ ಅಗೆದಿರಬಹುದು. ಜೆಸಿಬಿಯವರು ರಸ್ತೆ ಅಗಲ ಮಾಡುವಾಗ ಅಕ್ಷರವಿರುವ ಕಲ್ಲನ್ನು ಮಣ್ಣಿನೊಂದಿಗೆ ತಳ್ಳಿಬಿಡಬಹುದು. ಕಂಡೂ ಸುಮ್ಮನೆ ದಾಟಿ ಹೋಗಬೇಡಿ. ಕಲ್ಲನ್ನು ಅಲುಗಿಸದೆ, ಸುಣ್ಣ ಬಣ್ಣ ಬಳಿಯದೆ, ಇರುವಲ್ಲೇ ಫೋಟೋ ತೆಗೆಯಿರಿ. ಯಾವ ಊರು, ಯಾರ ಜಮೀನು ಎಂದು ಬರೆದಿಡಿ. ಗ್ರಾಮ ಪಂಚಾಯಿತಿಗೆ ತಿಳಿಸಿ, ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದವರಿಗೆ ತಿಳಿಸಿ, ನಿಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ತೋರಿಸಿ. ಅವರು ಓದಿ ಹೇಳಿದ್ದನ್ನು ಊರಿನವರನ್ನು ಕೂರಿಸಿ ಹೇಳಿ. ತಮ್ಮ ಊರಿನ ಹೆಸರು ಸಾವಿರ ವರ್ಷದ ಹಿಂದೆಯೇ ಕಲ್ಲಿನ ಮೇಲಿತ್ತೆಂದು ತಿಳಿದ ಮೇಲೆ ಆ ಕಲ್ಲಿನ ಮೇಲೆ ಬಟ್ಟೆ ಒಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಹೋಗಿ ಬನ್ನಿ, ಮಕ್ಕಳೇ. ಕಡಲು ಕಂಡು ಕುಣಿಯಿರಿ, ದೋಣಿಯಲ್ಲಿ ಹಾಡಿ, ನಕ್ಕು ನಲಿದು ಬನ್ನಿ. ನಾಲ್ಕು ಜನ ಮೆಚ್ಚುವ ಫೋಟೋ ಬಂದರೆ ಸಂತೋಷವೇ. ಆದರೆ ಆ ದ್ವೀಪ ನೋಡಿ ಬಂದ ಪ್ರತಿಯೊಂದು ಮನೆಯವರೂ ತಮ್ಮ ಊರಿನ ಒಂದು ಕಲ್ಲನ್ನು ಗುರುತಿಸಿ, ಓದಿಸಿ, ಉಳಿಸಿಕೊಡಲಿ. ಹಿಂದಿನವರು ತಾಳಗುಂದದ ಕಂಬವನ್ನು ನಮಗೆ ಹೀಗೆಯೇ ದಾಟಿಸಿದರು, ಮುಂದಿನವರಿಗೆ ದಾಟಿಸುವ ಸರದಿ ಈಗ ನಿಮ್ಮದು.